ನಾಲ್ಕು ಮೂಲೆಯ ಮನೆ

ಹೊಸ ಆರ್ಡೂನ್, ನ್ಯೂ ಸೌತ್ ವೇಲ್ಸ್
೯ ಮಾರ್ಚ್ ೧೮೭೩

ಪ್ರಿಯ ಗ್ರಿಜೆಲ್ ಅತ್ತೆಗೆ,

ಅಪ್ಪ ಶಾಸನಸಭೆಗೆಂದು ಸಿಡ್ನಿಯಲ್ಲಿದ್ದಾನೆ. ಈ ಸಲ ಸುದ್ದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಮತ್ತು ತಮ್ಮ ರಾನಲ್ಡ್ ದೊಡ್ಡಮನೆ ಬಿಟ್ಟು ನಾಲ್ಕು ಮೈಲಿ ಆಚೆ ಹೊಸ ಮನೆಗೆ ಬಂದಿದ್ದೇವೆ. ಇಂಥ ಮನೆಯನ್ನು ನೀವು ಕಂಡಿರಲಾರಿರಿ.

ಇಲ್ಲಿಯ ಕಾಯಿದೆ ಹೀಗಿದೆ: ಸರ್ಕಾರದ ಹುಲ್ಲುಗಾವಲಿನಲ್ಲಿ ಯಾರು ಬೇಕಾದರೂ ಒಂದು ತುಂಡು ಗುರುತು ಹಾಕಿಕೊಂಡು, ಮೂರು ವರ್ಷ ಅದರ ಮೇಲೇ ಮಲಗಿ ಎದ್ದರೆ ಅದು ಅವರದಾಗುತ್ತದೆ. ಅಪ್ಪ ಮೂವತ್ತು ವರ್ಷ ಕುರಿ ಮೇಯಿಸಿದ ನೆಲವೂ ಹೀಗೆ ಊರವರ ಬಾಯಿಗೆ ಬಿದ್ದಿದೆ. ಗೇಗನ್ ಎಂಬ ಐರಿಷ್ ಸಂಸಾರ ಆಗಲೇ ತೊರೆಯಾಚೆ ಗೂಟ ಹೊಡೆದಾಗಿದೆ. ಆದ್ದರಿಂದ ಮಡುವಿನ ಸುತ್ತಲಿನ ನಾಲ್ಕು ತುಂಡುಗಳನ್ನು ಅಪ್ಪ ನಾಲ್ವರ ಹೆಸರಿನಲ್ಲಿ ಹಿಡಿಸಿದ್ದಾನೆ. ಒಂದು ನನ್ನದು, ಒಂದು ರಾನಲ್ಡನದು, ಮಿಕ್ಕವು ಅಡುಗೆಯವನದು ಮತ್ತು ಮುದಿ ಕುರಿಗಾಹಿಯದು. ನೀರಿರುವುದು ರಾನಲ್ಡನ ತುಂಡಿನಲ್ಲಿ. ಬೇಸಗೆಯಲ್ಲಿ ಬತ್ತದ ಮಡು ಇಪ್ಪತ್ತು ಮೈಲಿಗೆ ಅದೊಂದೇ.

ನಾಲ್ಕೂ ತುಂಡು ಕೂಡುವ ಬಿಂದುವಿನ ಮೇಲೆ ಬಡಗಿಗಳು ಒಂದೇ ಮನೆ ಕಟ್ಟಿದರು. ನೆಲದ ಮೇಲೆ ಬಿಳಿ ಬಣ್ಣದ ಎರಡು ಗೆರೆ, ಶಿಲುಬೆಯ ಹಾಗೆ. ಒಬ್ಬೊಬ್ಬರ ಹಾಸಿಗೆ ಅವರವರ ಮೂಲೆಯಲ್ಲಿ. ಯಾರೂ ಇನ್ನೊಬ್ಬರ ಮೂಲೆಯಲ್ಲಿ ಒಂದು ರಾತ್ರಿಯೂ ಮಲಗಬಾರದೆಂದು ಅಪ್ಪನ ಲಿಖಿತ ಆಜ್ಞೆ ಬಾಗಿಲ ಮೇಲಿದೆ; ಭೂಮಿ ಕಚೇರಿಯ ಇನ್ಸ್‌ಪೆಕ್ಟರ್ ಹೇಳದೆ ಕೇಳದೆ ಬರುತ್ತಾನಂತೆ. ಒಲೆಯಿರುವುದು ನನ್ನ ಮೂಲೆಯಲ್ಲಿ. ಒಂಬತ್ತರವರೆಗೆ ರಾನಲ್ಡ್ ಬೆಂಕಿಯ ಮುಂದೆ ಕೂತಿದ್ದು, ಆಮೇಲೆ ಗೆರೆ ದಾಟುವಾಗ ಟೋಪಿ ತೆಗೆದು ಕೇಳುತ್ತಾನೆ: “ಗಡಿ ದಾಟ್ತಾ ಇದೀನಿ ಕಣಮ್ಮಾ. ಸುಂಕ ಏನಾದ್ರೂ ಉಂಟಾ?”

ಮದುವೆಯಾದ ಹೆಂಗಸಿಗೆ ಈ ಹಕ್ಕಿಲ್ಲ. ಹಾಗಾಗಿ ಮೂರು ವರ್ಷ ನನಗೆ ಗಂಡು ನೋಡುವ ಕಷ್ಟ ಅಪ್ಪನಿಗೆ ತಪ್ಪಿತು ಎಂದೂ ಅವನೇ ಹಾಸ್ಯ ಮಾಡುತ್ತಾನೆ. ನನಗೀಗ ಇಪ್ಪತ್ತಾರು. ಹಾಸ್ಯಕ್ಕೆ ನಕ್ಕೆ.

ನಿಮ್ಮ ಎಲ್ಸ್ಪೆತ್


ಆರ್ಡೂನ್, ಅಬರ್ಡೀನ್‌ಶೈರ್
೨೦ ಜೂನ್ ೧೮೭೩

ಎಲ್ಸ್ಪೆತ್,

ನಿನ್ನ ಪತ್ರ ಎರಡು ಸಲ ಓದಿದೆ, ಒಂದು ಸಲ ಪಾದ್ರಿಗೂ ಓದಿ ಹೇಳಿದೆ. ಒಂದು ಮನೆಯನ್ನು ನಾಲ್ಕು ಮಾಡುವುದು ನಮ್ಮ ಕಡೆ ಯಜಮಾನ ಸತ್ತ ಮೇಲಿನ ಕೆಲಸ. ನೀವು ಮೊದಲೇ ಮುಗಿಸಿಕೊಂಡಿದ್ದೀರಿ. ನಿನ್ನಪ್ಪ ಹೆಕ್ಟರ್ ಚಿಕ್ಕಂದಿನಿಂದಲೂ ಹಾಗೆ. ಕೊಯ್ಲಿಗೆ ಮೊದಲೇ ಕಣ ಗುಡಿಸುವವನು.

ಅವನ ಭಾಷಣ ಅಚ್ಚಾದ ಪತ್ರಿಕೆ ಇಲ್ಲಿಗೂ ಬಂತು. ಸುಳ್ಳು ಹೆಸರಿನಲ್ಲಿ ನೆಲ ಹಿಡಿಯುವವರನ್ನು ಸೆರೆಮನೆಗೆ ಹಾಕಬೇಕೆಂದಿದ್ದಾನೆ. ಅಣ್ಣತಮ್ಮಂದಿರಿಲ್ಲದ ನಮ್ಮೂರ ಹೆಂಗಸರು ನನ್ನನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ. ನಾನು ಪತ್ರಿಕೆ ಮಡಿಸಿ ಒಳಗಿಡುತ್ತೇನೆ.

ರಾನಲ್ಡನಿಗೆ ಆರು ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದ್ದೇನೆ. ಅವನ ಕಾಲಿನ ಅಳತೆ ಹೆಕ್ಟರನದೇ ಎಂದುಕೊಂಡು ಹೆಣೆದದ್ದು. ಮುಟ್ಟಿದ ಮೇಲೆ ಅವನೇ ತನ್ನ ಕೈಯಾರೆ ಎರಡು ಸಾಲು ಬರೆಯಲಿ.

ಒಂದು ಮಾತು ನೆನಪಿರಲಿ. ನಮ್ಮ ಮನೆಯ ಹುಟ್ಟು ಸಾವೆಲ್ಲ ಈ ಬೈಬಲ್ಲಿನ ಮೊದಲ ಹಾಳೆಯಲ್ಲಿವೆ, ನೂರಾ ನಲವತ್ತು ವರ್ಷದಿಂದ. ನಿನ್ನ ತಾಯಿಯದನ್ನು ನಾನೇ ಬರೆದೆ. ಕಡಲಾಚೆಯಿದ್ದರೂ ಏನಾದರೂ ಆದರೆ ಮೊದಲ ಅಂಚೆಗೇ ನನಗೆ ತಿಳಿಸಬೇಕು. ಈ ಹಾಳೆಯಲ್ಲಿ ಇಲ್ಲದವರು ನಮ್ಮವರಲ್ಲ.

ಗ್ರಿಜೆಲ್ ಡಾಲ್ಗಾರ್ನೊ


ಹೊಸ ಆರ್ಡೂನ್
೧೪ ಅಕ್ಟೋಬರ್ ೧೮೭೩

ಪೂಜ್ಯ ಅತ್ತೆಯವರಿಗೆ,

ಇಲ್ಲಿ ನಾವು ನಾಲ್ವರೂ ಕ್ಷೇಮ. ಕಾಲುಚೀಲ ಮುಟ್ಟಿದವು. ರಾನಲ್ಡ್ ವಂದನೆ ತಿಳಿಸಿದ್ದಾನೆ. ಅವನಿಗೆ ಬಹಳ ಕೆಲಸ. ಉಣ್ಣೆ ಕತ್ತರಿಸುವ ಮೊದಲು ಕುರಿ ತೊಳೆಯುವ ಕಾಲ ಇದು. ಮಡುವಿನ ನೀರು ಇನ್ನೂ ತಣ್ಣಗಿದೆ. ಉಣ್ಣೆ ಈ ವರ್ಷ ಚೆನ್ನಾಗಿದೆ. ಅಪ್ಪ ಸಿಡ್ನಿಯಿಂದ ಬಂದು ಎರಡು ವಾರ ನಮ್ಮೊಡನಿದ್ದ. ಈ ಪತ್ರವನ್ನು ಅವನೇ ಅಂಚೆಗೆ ಹಾಕುತ್ತಾನೆ.

ಬೇರೇನೂ ವಿಶೇಷವಿಲ್ಲ.

ಎಲ್ಸ್ಪೆತ್ ಡಾಲ್ಗಾರ್ನೊ


ಆರ್ಡೂನ್
೧೧ ಜನವರಿ ೧೮೭೪

ಎಲ್ಸ್ಪೆತ್,

ಇದೇನು ಪತ್ರವೋ, ಅಂಗಡಿಯವರ ಚೀಟಿಯೋ. ನಾನು ಯಾವತ್ತಿನಿಂದ ಪೂಜ್ಯಳಾದೆ?

ರಾನಲ್ಡ್ ಎರಡು ಸಾಲು ಬರೆಯಲಿಲ್ಲ. ನಾನು ಮುದುಕಿ, ಆದರೆ ಕುರುಡಿಯಲ್ಲ. ಹತ್ತೊಂಬತ್ತು ವರ್ಷದ ಹುಡುಗ ಬರೆಯುವುದು ನಿಲ್ಲಿಸಿದನೆಂದರೆ ಕಾರಣ ಲಂಗ ಉಟ್ಟಿರುತ್ತದೆ. ತೊರೆಯಾಚೆಯ ಗೇಗನ್‌ಗಳ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆಯೆ? ರೋಮಿನ ಚರ್ಚಿನವರು, ಮೇಲಾಗಿ ಐರಿಷ್. ಹೆಕ್ಟರ್ ಕೆರಳಿರಬೇಕು, ನೀನು ನಡುವೆ ಸಿಕ್ಕಿರಬೇಕು. ಅವನಿಗೆ ಹೇಳು, ಅತ್ತೆ ಬೈಯುವುದಿಲ್ಲ. ಯಾರನ್ನೇ ಕಟ್ಟಿಕೊಳ್ಳಲಿ, ಹೆಸರು ಕಳಿಸಿದರೆ ಹಾಳೆಯಲ್ಲಿ ಬರೆಯುತ್ತೇನೆ. ಅವನ ಹೆಸರಿನ ಪಕ್ಕ ಜಾಗ ಬಿಟ್ಟಿದ್ದೇನೆ.

ಇನ್ನೂ ನಾಲ್ಕು ಜೊತೆ ಹೆಣೆದಾಗಿದೆ.

ಗ್ರಿಜೆಲ್


ಹೊಸ ಆರ್ಡೂನ್
೬ ಏಪ್ರಿಲ್ ೧೮೭೪

ಅತ್ತೆ,

ಇದನ್ನು ಹನೋರಾ ಗೇಗನ್ ತನ್ನ ಲಂಗದ ಒಳಜೇಬಿನಲ್ಲಿಟ್ಟುಕೊಂಡು ಪೇಟೆಯ ಅಂಚೆಗೆ ಹಾಕುತ್ತಾಳೆ. ನಾನು ಬರೆದ ಬೇರೆಲ್ಲ ಪತ್ರವನ್ನು ಅಪ್ಪ ಓದುತ್ತಾನೆ. ಇನ್ನು ಮುಂದೆ ನೀವೂ ಹನೋರಾಳ ವಿಳಾಸಕ್ಕೇ ಬರೆಯಿರಿ.

ರಾನಲ್ಡ್ ಇಲ್ಲ. ಕಳೆದ ಸೆಪ್ಟೆಂಬರ್ ಇಪ್ಪತ್ತೇಳರ ಬೆಳಿಗ್ಗೆ ಹೋದ. ನಾಲ್ಕು ದಿನ ಎದೆಮಟ್ಟ ನೀರಿನಲ್ಲಿ ನಿಂತು ಕುರಿ ತೊಳೆದಿದ್ದ. ಐದನೆಯ ದಿನ ಜ್ವರ, ಒಂಬತ್ತನೆಯ ದಿನ ಮುಗಿಯಿತು. ನನ್ನ ಬೆಂಕಿಯ ಪಕ್ಕದಲ್ಲೇ ಹೋದ, ನೋವು ತಿನ್ನಲಿಲ್ಲ. ನಿಮ್ಮ ಕಾಲುಚೀಲ ಅವನು ಹೋದ ಆರನೆಯ ದಿನಕ್ಕೆ ಬಂದವು.

ಅಪ್ಪ ಬಂದ, ಮಗನ ಹಣೆ ಮುಟ್ಟಿದ. ಅತ್ತ. ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಅಳು ನಿಂತ ಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದ. ಮೂರು ವರ್ಷ ತುಂಬದೆ ಹಕ್ಕುದಾರ ಸತ್ತರೆ ತುಂಡು ಮತ್ತೆ ಬಯಲಿಗೆ ಬರುತ್ತದೆ, ನೀರಿನ ಸಮೇತ. ಗೇಗನ್‌ಗಳು ಮಾರನೆಯ ದಿನವೇ ಗೂಟ ಹೊಡೆಯಬಹುದು. ಅಪ್ಪ ನನ್ನ ಕಡೆ ತಿರುಗಿ ತೀರ ಮೆಲ್ಲಗೆ ಹೇಳಿದ: “ಅವನು ಸತ್ತಿಲ್ಲ, ಎಲ್ಪಿ. ಫೆಬ್ರವರಿ ಎಪ್ಪತ್ತಾರರವರೆಗೆ ಸತ್ತಿಲ್ಲ.”

ಹೂತದ್ದು ನನ್ನ ತುಂಡಿನಲ್ಲಿ. ಅವನ ತುಂಡಿನ ಮೇಲೆ ಹೊಸ ಮಣ್ಣು ಕಾಣಬಾರದಲ್ಲ. ಕಲ್ಲಿಲ್ಲ, ಗುರುತಿಲ್ಲ, ಮೇಲೆ ಕುರಿಗಳನ್ನು ಓಡಾಡಿಸಿದರು. ಅಡುಗೆಯವನೂ ಕುರಿಗಾಹಿಯೂ ಬಾಯಿ ಬಿಡುವುದಿಲ್ಲ, ಅವರಿಗೂ ತಮ್ಮ ಮೂಲೆಗಳಿವೆ. ನಾನು ದಿನಾ ಅವನ ಹಾಸಿಗೆ ಕೆದರಿ ಮತ್ತೆ ಸರಿ ಮಾಡುತ್ತೇನೆ, ಅವನ ತಟ್ಟೆಯನ್ನೂ ತೊಳೆಯುತ್ತೇನೆ.

ಕಳೆದ ತಿಂಗಳು ಇನ್ಸ್‌ಪೆಕ್ಟರ್ ಬಂದ. ಆಗ ನಾನು ರಾನಲ್ಡನ ಕೋಟು, ಟೋಪಿ ಹಾಕಿಕೊಂಡು ಅವನ ಕುದುರೆಯ ಮೇಲೆ ಮಡುವಿನಾಚೆ ದಿಬ್ಬದ ಮೇಲೆ ಹೋಗಬೇಕಿತ್ತು. ಹೋದೆ. ಅಪ್ಪ ಮನೆಯ ಮುಂದೆ ನಿಂತು ಕೈ ಬೀಸಿದ, ಇನ್ಸ್‌ಪೆಕ್ಟರನೂ ಬೀಸಿದ. ನಾನು ಟೋಪಿ ಎತ್ತಿ ತೋರಿಸಿದೆ, ರಾನಲ್ಡ್ ಎತ್ತುತ್ತಿದ್ದ ಹಾಗೆಯೇ.

ಆ ದಿಬ್ಬದ ಕೆಳಗೆ ಈ ನೆಲದ ಮೂಲದವರ ಒಬ್ಬ ಮುದುಕಿ ಇರುತ್ತಾಳೆ. ಅವಳನ್ನು ನಾವು ಪೆಗ್ಗಿ ಎನ್ನುತ್ತೇವೆ. ನಿಜವಾದ ಹೆಸರನ್ನು ಅವಳು ನಮಗೆ ಕೊಟ್ಟಿಲ್ಲ. ನಾನು ಹತ್ತಿರ ಬಂದಾಗ ಎದ್ದು ನಿಂತು, “ಕುದುರೆ ಅವನದು. ಮೇಲಿರೋದು ಅವನಲ್ಲ,” ಎಂದಳು. ನಾನು ಲಗಾಮು ಎಳೆದು ನಿಲ್ಲಿಸಿದೆ. “ನಮ್ಮಲ್ಲಿ ಯಾರಾದ್ರೂ ಹೋದ್ರೆ ಹೆಸರು ಎತ್ತೋದಿಲ್ಲ. ಆದ್ರೆ ಮೊದ್ಲು ಅಳ್ತೀವಿ. ನೀವು ದಿನಾ ಅವನ ಹೆಸ್ರು ಹೇಳ್ತೀರಿ, ಅಳೋದೇ ಇಲ್ಲ. ಎಂಥಾ ಜನವೇ ನೀವು,” ಎಂದು ನನ್ನ ಕುದುರೆಯ ಕಾಲಿನ ಬಳಿ ಕೂತು ಅವಳೇ ಅತ್ತಳು.

ಹನೋರಾಳಿಗೂ ಗೊತ್ತಾಗಿದೆ. ಅವಳ ಗಂಡನಿಗೆ ಹೇಳಿದರೆ ನೀರು ಅವರದಾಗುತ್ತದೆ, ಆದರೂ ಹೇಳಿಲ್ಲ. ಏಕೆಂದು ಕೇಳಿದೆ. “ನಾನು ಮೂರು ಮಕ್ಕಳನ್ನ ಹೂತಿದೀನಿ ಕಣೇ. ಹೆಣದ ಮೇಲೆ ಗೂಟ ಹೊಡ್ಯೋ ಬುದ್ಧಿ ನಿಮ್ಮಪ್ಪಂಗಿರ್ಲಿ,” ಎಂದಳು.

ಅತ್ತೆ, ನಾನು ಕೇಳುವುದು ಒಂದೇ. ಈ ಭೂಮಿಯ ಮೇಲೆ ಒಂದು ಕಡೆಯಾದರೂ ಅವನು ಸತ್ತಿರಲಿ. ಹಾಳೆಯಲ್ಲಿ ಬರೆಯಿರಿ.

ಎಲ್ಸ್ಪೆತ್


ಆರ್ಡೂನ್
೮ ಜುಲೈ ೧೮೭೪

ಮಗಳೆ,

ಮೂರು ದಿನ ನಿನ್ನ ಪತ್ರ ನನ್ನ ಮುಂದಿತ್ತು. ಹೆಣೆದಿಟ್ಟಿದ್ದ ನಾಲ್ಕು ಜೊತೆ ಬಿಚ್ಚಿ ಉಂಡೆ ಸುತ್ತಿದೆ. ಕೈಗೆ ಬೇರೆ ಕೆಲಸ ತೋಚಲಿಲ್ಲ.

ಅದೇ ವಾರ ಹೆಕ್ಟರನ ಪತ್ರವೂ ಬಂತು. ಅವನನ್ನು ಮೇಲ್ಮನೆಗೆ ತೆಗೆದುಕೊಳ್ಳುವ ಮಾತಿದೆಯಂತೆ. ಹಳೆಯ ಮನೆತನಗಳ ಚರಿತ್ರೆ ಅಚ್ಚು ಹಾಕಿಸುತ್ತಿದ್ದಾರೆ. ನಮ್ಮದಕ್ಕೆ ಎಂಟು ಪುಟ, ಅವನ ಚಿತ್ರದ ಸಮೇತ. ಬೈಬಲ್ಲಿನ ಹಾಳೆಯ ನಕಲು ಬೇಕಂತೆ. ಮಕ್ಕಳಿಬ್ಬರೂ ಕ್ಷೇಮ ಎಂದು ಕೊನೆಗೆ ಬರೆದಿದ್ದಾನೆ. ಅಕ್ಷರ ನಡುಗಿಲ್ಲ.

ಏಕೆ ನಡುಗಲಿಲ್ಲ ಎಂಬುದು ನನಗೆ ಗೊತ್ತು. ನಿನಗೂ ತಿಳಿದಿರಬೇಕು.

ನಿಮ್ಮ ಅಜ್ಜ ಸತ್ತದ್ದು ೧೮೩೬ರ ಮೇ ಹದಿನೈದು ಎಂದು ಈ ಹಾಳೆಯಲ್ಲಿದೆ. ಬರೆದವಳು ನಾನು. ಅವನು ಸತ್ತದ್ದು ಹನ್ನೆರಡನೆಯ ತಾರೀಖಿಗೆ. ನಮ್ಮ ಗೇಣಿ ಅವನ ಆಯುಷ್ಯಕ್ಕೆ ಕಟ್ಟಿದ್ದು. ಹದಿನೈದು ಗಡುವಿನ ದಿನ; ಆ ಸೂರ್ಯೋದಯ ಅವನು ಕಂಡಿದ್ದರೆ ಆ ವರ್ಷದ ಬೆಳೆ ನಮ್ಮದು, ಇಲ್ಲವಾದರೆ ನಾವು ಬೀದಿಯಲ್ಲಿ. ಮೂರು ದಿನ ಅಪ್ಪನನ್ನು ಸುತ್ತ ಹಲಗೆಯಿದ್ದ ಪೆಟ್ಟಿಗೆ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಸಿದೆವು. ನಾನು ಹತ್ತೊಂಬತ್ತರವಳು, ತಲೆಗೆ ಉಣ್ಣೆಯ ಟೋಪಿ ಕಟ್ಟಿದೆ, ವಾಸನೆಗೆ ಒಲೆಯಲ್ಲಿ ಹಸಿ ಜೂನಿಪರ್ ಸೊಪ್ಪು ಸುಟ್ಟೆ. ಜಮೀನ್ದಾರನ ಕಾರಭಾರಿ ಬಾಗಿಲಲ್ಲಿ ನಿಂತು, “ಹೇಗಿದೀಯಪ್ಪಾ?” ಎಂದು ಕೇಳಿದ. ಮಂಚದ ಹಿಂದೆ ಹದಿನೈದು ವರ್ಷದ ಹೆಕ್ಟರ್ ಅಡಗಿ ಕೂತಿದ್ದ. ಅವನು ನರಳಿದ. ಅಪ್ಪನ ದನಿಯೇ. ಎಷ್ಟು ಚೆನ್ನಾಗಿ ನರಳಿದನೆಂದರೆ, ಒಂದು ಗಳಿಗೆ ನಾನು ಮಂಚದ ಕಡೆ ಓಡಿದೆ.

ಆ ಬೆಳೆಯಿಂದಲೇ ಅವನು ಹಡಗು ಹತ್ತಿದ್ದು. ನೀವೆಲ್ಲ ನಿಂತಿರುವುದು ಆ ಒಂದು ನರಳಾಟದ ಮೇಲೆ.

ಹಾಳೆಯ ವಿಷಯ ಯೋಚಿಸುತ್ತೇನೆ.

ಗ್ರಿಜೆಲ್


ಹೊಸ ಆರ್ಡೂನ್
೨ ನವೆಂಬರ್ ೧೮೭೪

ಅತ್ತೆಯವರಿಗೆ,

ಹಾಗಾದರೆ ಅಪ್ಪನಿಗೆ ಕಲಿಸಿದವರು ನೀವು. ಟೋಪಿ ಕಟ್ಟಿದ್ದು ನೀವು. ಇಲ್ಲಿ ಟೋಪಿ ಹಾಕಿಕೊಂಡವಳು ನಾನು.

ನಾನು ಒಂದು ಸಾಲು ಬರೆಯಿರಿ ಎಂದೆ. ನೀವು ಯೋಚಿಸುತ್ತೇನೆ ಎಂದಿರಿ. ಯೋಚಿಸಿ. ನನ್ನ ಬಳಿಯೂ ಹದಿನೈದು ತಿಂಗಳಿವೆ.

ಎಲ್ಸ್ಪೆತ್


ಆರ್ಡೂನ್
೧೯ ಸೆಪ್ಟೆಂಬರ್ ೧೮೭೫

ಎಲ್ಸ್ಪೆತ್,

ನಿನ್ನ ಪತ್ರ ಫೆಬ್ರವರಿಯಲ್ಲಿ ಬಂತು. ಅದೇ ತಿಂಗಳು ಲಕ್ವ ಹೊಡೆದು ನನ್ನ ಬಲಗೈ ಬಿತ್ತು. ಎಡಗೈಯಲ್ಲಿ ಅಕ್ಷರ ಕಲಿಯಲು ಬೇಸಗೆಯೆಲ್ಲ ಬೇಕಾಯಿತು. ಪಾದ್ರಿಯ ಕೈಯಲ್ಲಿ ಬರೆಸಬಹುದಿತ್ತು. ಇಂಥದ್ದನ್ನು ಬೇರೆಯವರ ಕೈಯಲ್ಲಿ ಬರೆಸುವುದಿಲ್ಲ. ನೀನು ಈ ಮೌನವನ್ನು ಏನೆಂದು ಓದಿರುತ್ತೀಯೋ ನನಗೆ ಗೊತ್ತು.

ಹಾಳೆಯನ್ನು ಬೈಬಲ್ಲಿನಿಂದ ಬಿಡಿಸಿ ಇದರೊಡನೆ ಇಟ್ಟಿದ್ದೇನೆ. ನಕಲಲ್ಲ, ಅದೇ ಹಾಳೆ. ಎರಡು ಕಡೆ ನೋಡು. ಅಪ್ಪನ ಹೆಸರಿನ ಮುಂದೆ ಹದಿನೈದನ್ನು ಹೊಡೆದು ಹನ್ನೆರಡು ಎಂದು ಬರೆದು ಸಹಿ ಹಾಕಿದ್ದೇನೆ. ನಲವತ್ತು ವರ್ಷದ ಮೇಲೆ ಅಪ್ಪ ಸತ್ತ. ಕೆಳಗೆ ರಾನಲ್ಡನದು: ಸೆಪ್ಟೆಂಬರ್ ಇಪ್ಪತ್ತೇಳು, ೧೮೭೩. ಮದುವೆಗೆಂದು ಬಿಟ್ಟಿದ್ದ ಜಾಗದಲ್ಲೇ ಹಿಡಿಸಿತು. ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸು.

ಏನು ಮಾಡುತ್ತೀಯೋ ನಿನ್ನಿಷ್ಟ. ಹೆಕ್ಟರನಿಗೆ ಬೇಕಾದ ಚರಿತ್ರೆ ಇಷ್ಟೇ ಎಂದು ನಾನು ಅವನಿಗೂ ಬರೆದಿದ್ದೇನೆ.

ಹುಡುಗ ನಿನ್ನ ಬೆಂಕಿಯ ಪಕ್ಕದಲ್ಲಿ ಹೋದ ಎಂದಿದ್ದೆಯಲ್ಲ. ರಾತ್ರಿ ನಿದ್ದೆ ಬಾರದಾಗ ಆ ಮಾತು ಹಿಡಿದುಕೊಂಡು ಮಲಗುತ್ತೇನೆ. ನನ್ನ ಅಪ್ಪ ಮೂರು ದಿನ ತಣ್ಣಗೆ ಮಲಗಿದ್ದ. ಮೊಮ್ಮಗನಾದರೂ ಬೆಚ್ಚಗಿದ್ದ.

ಗ್ರಿಜೆಲ್


ಹೊಸ ಆರ್ಡೂನ್
೨೩ ಏಪ್ರಿಲ್ ೧೮೭೬

ಪ್ರಿಯ ಅತ್ತೆ,

ನಿಮ್ಮ ಕೈಯ ಸುದ್ದಿ ತಿಳಿಯದೆ ಒಂದು ವರ್ಷ ನಿಮ್ಮನ್ನು ಶಪಿಸಿದೆ. ಕ್ಷಮೆ ಕೇಳುವ ಪತ್ರವೂ ಇದೇ, ಬೇರೆಯದೂ ಇದೇ.

ಹಾಳೆ ಜನವರಿಯಲ್ಲಿ ಬಂತು. ಫೆಬ್ರವರಿಯಲ್ಲಿ ಇನ್ಸ್‌ಪೆಕ್ಟರ್ ಕೊನೆಯ ಸಲ ಬಂದಾಗ ಅಪ್ಪ ಕೋಟು, ಟೋಪಿ ತೆಗೆದಿಟ್ಟ. ನಾನು ಹಾಕಿಕೊಳ್ಳಲಿಲ್ಲ. ಹಾಳೆಯನ್ನು ಇನ್ಸ್‌ಪೆಕ್ಟರನ ಕೈಗೆ ಕೊಟ್ಟೆ. ಅವನು ಕನ್ನಡಕ ಹಾಕಿ ಪೂರ್ತಿ ಓದಿದ, ಅಜ್ಜನ ತಾರೀಖನ್ನೂ ಓದಿದ. ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಇನ್ಸ್‌ಪೆಕ್ಟರ್ ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮಡಿಸಿ ನನಗೆ ವಾಪಸು ಕೊಟ್ಟ.

“ಇದು ಮನೆ ವಿಷಯ ತಾಯಿ. ಸತ್ತವರ ತಾರೀಖು ನಮ್ಮ ಕಚೇರಿಗೆ ಬರೋದಿಲ್ಲ. ಹಾಸಿಗೆ ಇದೆಯಾ, ಇಲ್ವಾ, ಅಷ್ಟೇ ನಾನು ನೋಡೋದು,” ಎಂದ. ಗೆರೆ ದಾಟಿ ಹೋಗಿ ರಾನಲ್ಡನ ಹಾಸಿಗೆ ಮುಟ್ಟಿದ. ಬೆಳಿಗ್ಗೆ ನಾನೇ ಸರಿಮಾಡಿದ್ದೆ. “ಇದೆ,” ಎಂದು ಬರೆದುಕೊಂಡ. ನಿಮ್ಮ ಎಡಗೈ ಇಡೀ ಬೇಸಗೆ ಬರೆದದ್ದನ್ನು ಅವನು ಒಂದು ಪದದಲ್ಲಿ ಮುಗಿಸಿದ.

ರಾನಲ್ಡನ ಹಕ್ಕುಪತ್ರ ಬಂತು. ಎರಡು ವಾರದ ಮೇಲೆ ಅವನು ಕುದುರೆಯಿಂದ ಬಿದ್ದು ಸತ್ತ. ಪತ್ರಿಕೆಯಲ್ಲಿ ಕಪ್ಪು ಗೆರೆಯೊಳಗೆ ಬಂತು: ಮಾರ್ಚ್ ಎರಡು. ಪೇಟೆಯ ಚರ್ಚಿನಲ್ಲಿ ಮುಚ್ಚಿದ ಪೆಟ್ಟಿಗೆ, ಒಳಗೆ ತೊರೆಯ ಕಲ್ಲು. ಮತ ಹಾಕುವವರೆಲ್ಲ ಬಂದಿದ್ದರು. ಮೊದಲ ಸಾಲಿನಲ್ಲಿ ಅಪ್ಪ ಅತ್ತ. ಅದು ಸುಳ್ಳು ಅಳುವಲ್ಲ ಅತ್ತೆ. ಎರಡೂವರೆ ವರ್ಷ ತಡೆದಿಟ್ಟಿದ್ದು. ಅದೇ ನನಗೆ ಹೆಚ್ಚು ಭಯ ತಂದಿತು. ಹನೋರಾ ಗಂಡನೊಡನೆ ಹಿಂದೆ ನಿಂತಿದ್ದಳು. ಪೆಟ್ಟಿಗೆ ಹೊತ್ತವರು ಏದುಸಿರು ಬಿಡುವುದನ್ನು ಕಂಡು ನನ್ನ ಕಿವಿಯಲ್ಲಿ, “ಬಡಪಾಯಿ, ತುಂಬಾ ತೂಕ ಬಂದಿದಾನೆ,” ಎಂದಳು. ನಾನು ನಕ್ಕುಬಿಟ್ಟೆ. ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದುಕೊಂಡರು.

ಚರಿತ್ರೆಯ ಪುಸ್ತಕವೂ ಅಚ್ಚಾಯಿತು. ಎಂಟು ಪುಟ. ಅಜ್ಜ ಗಡುವಿನ ದಿನ ತನ್ನ ಹೊಲ ನೋಡುತ್ತ ಕಣ್ಣು ಮುಚ್ಚಿದನಂತೆ. ಅಪ್ಪ ಬಂದಾಗ ಈ ನೆಲ ಖಾಲಿ ಇತ್ತಂತೆ. ಮಡುವಿನ ಸುತ್ತ ಪೆಗ್ಗಿಯ ಜನ ಎಷ್ಟು ಮಂದಿ ಮಲಗಿದ್ದಾರೆಂದು ನಾನೊಮ್ಮೆ ಅವಳನ್ನು ಕೇಳಿದ್ದೆ. ಅವಳು ನನ್ನ ಎರಡೂ ಕೈಯ ಬೆರಳು ಹಿಡಿದು ಮಡಚುತ್ತ ಹೋದಳು. ಬೆರಳು ಮುಗಿದ ಮೇಲೂ ಮಡಚಿದಳು. ನಮ್ಮ ಹಾಳೆಗೆ ಎರಡು ತಪ್ಪು ತಿದ್ದಿದರೆ ಸಾಕಾಗುವುದಿಲ್ಲ ಅತ್ತೆ.

ಈಗ ನನ್ನ ತುಂಡಿನ ಮಾತು. ಮೂರು ವರ್ಷ ನಾನೂ ಮಲಗಿ ಎದ್ದಿದ್ದೇನೆ. ಕಾಯಿದೆಯಂತೆ ಅದು ನನ್ನದು. ಅಡುಗೆಯವನೂ ಕುರಿಗಾಹಿಯೂ ಹೆಬ್ಬೆಟ್ಟು ಒತ್ತಿ ತಮ್ಮದನ್ನು ಅಪ್ಪನಿಗೆ ಬರೆದುಕೊಟ್ಟರು. ನನ್ನ ಮುಂದೆಯೂ ಕಾಗದ ಬಂತು. ಸಹಿ ಹಾಕಲಿಲ್ಲ. ಅಪ್ಪ ಕೂಗಾಡಲಿಲ್ಲ. “ಅಕ್ಕ ಬುದ್ಧಿ ಹೇಳಿಕೊಟ್ಲಾ?” ಎಂದು ಕೇಳಿದ. ಒಂದು ಗಳಿಗೆ ಅವನಲ್ಲಿ ಮಂಚದ ಹಿಂದೆ ಕೂತ ಹುಡುಗ ಕಂಡ. ಆಮೇಲೆ, “ಸರಿ. ನಿಂದು ನಿಂಗೆ, ನಂದು ನಂಗೆ,” ಎಂದು ಎದ್ದು ಹೋದ.

ಮಾರನೆಯ ದಿನ ಬಡಗಿಗಳು ಬಂದರು, ಮನೆ ಕಟ್ಟಿದವರೇ. ಬಿಳಿ ಗೆರೆಯ ಮೇಲೆ ಗರಗಸ ಇಟ್ಟು ನೆಲ, ಮಾಡು, ತೊಲೆ ಎಲ್ಲವನ್ನೂ ಕೊಯ್ದರು. ಮೂರು ದಿನದಲ್ಲಿ ಮುಕ್ಕಾಲು ಮನೆ ಬಂಡಿಯೇರಿ ಹೋಯಿತು. ನನಗೆ ಎರಡು ಗೋಡೆ ಉಳಿದಿವೆ. ಮಿಕ್ಕೆರಡು ಕಡೆಗೆ ಹನೋರಾಳ ಗಂಡ ಮರದ ತೊಗಟೆ ಹೊಡೆದುಕೊಟ್ಟಿದ್ದಾನೆ. ಹೊಡೆಯುತ್ತ, ನೀರು ಹೋದದ್ದಕ್ಕೆ ನಮ್ಮ ವಂಶವನ್ನೆಲ್ಲ ಬೈದ. ಬೈದು ಮುಗಿಸಿ ಒಂದು ಚೀಲ ಆಲೂಗಡ್ಡೆ ಇಟ್ಟುಹೋದ.

ರಾನಲ್ಡನ ಮೇಲೆ ಕಲ್ಲು ನಿಲ್ಲಿಸಿದೆ. ಹೆಸರನ್ನೂ ಇಪ್ಪತ್ತೇಳನೆಯ ತಾರೀಖನ್ನೂ ಉಳಿಯಲ್ಲಿ ನಾನೇ ಕೆತ್ತಿದೆ, ಕೋಳಿ ಕೆದರಿದ ಹಾಗೆಯೇ. ಪೇಟೆಗೆ ಹೋಗುವ ದಾರಿ ಇದೇ, ಬಂದವರು ನಿಂತು ಓದುತ್ತಾರೆ. ಓದಿ ನನ್ನ ಮುಖ ನೋಡಿ, ಪಾಪ, ಹುಚ್ಚು ಎಂದುಕೊಂಡು ಹೋಗುತ್ತಾರೆ. ಹೋಗಲಿ. ನಾನು ಇಲ್ಲಿಂದ ಎದ್ದರೆ ಮಾರನೆಯ ದಿನ ಇಲ್ಲಿ ಕುರಿ ಓಡಾಡುತ್ತವೆ. ಅದಕ್ಕೇ ಏಳುವುದಿಲ್ಲ.

ಒಂದು ಮಾತು ಉಳಿಯಿತು. ನೀವು ಹಿಡಿದುಕೊಂಡು ಮಲಗುವ ಮಾತು. ಅದು ಸುಳ್ಳು.

ಅವನು ಬೆಂಕಿಯ ಪಕ್ಕದಲ್ಲಿ ಹೋಗಲಿಲ್ಲ. ಜ್ವರ ಬಂದ ಮೂರನೆಯ ದಿನ, “ಎಲ್ಪಿ, ನನ್ನ ಹಾಸಿಗೆ ಆ ಕಡೆ ಎಳ್ಕೊಳ್ಳೇ. ಚಳಿ ಕಣೇ,” ಎಂದ. ಬೆಂಕಿ ಹನ್ನೆರಡು ಹೆಜ್ಜೆ ದೂರವಿತ್ತು. ಇನ್ಸ್‌ಪೆಕ್ಟರ್ ಆ ವಾರ ಬರುತ್ತಾನೆಂದು ಅಪ್ಪ ಬರೆದಿದ್ದ. ನಾನು, “ಇನ್ನೆರಡು ರಾತ್ರಿ ತಡ್ಕೋ,” ಎಂದೆ. ನನ್ನ ಕಂಬಳಿಗಳನ್ನೆಲ್ಲ ಹೊದಿಸಿದೆ, ಬಿಸಿ ಇಟ್ಟಿಗೆ ಒಯ್ದು ಕಾಲ ಕೆಳಗಿಟ್ಟೆ, ರಾತ್ರಿಯೆಲ್ಲ ಗೆರೆ ದಾಟಿ ಓಡಾಡಿದೆ. ಹಾಸಿಗೆಯನ್ನು ಮಾತ್ರ ದಾಟಿಸಲಿಲ್ಲ. ಅವನು ಮತ್ತೆ ಕೇಳಲಿಲ್ಲ. ಕೊನೆಯ ರಾತ್ರಿ ಜ್ವರದಲ್ಲಿ, ಸುಂಕ ಏನಾದರೂ ಉಂಟಾ ಎಂದು ಕೇಳಿದ. ಇನ್ಸ್‌ಪೆಕ್ಟರ್ ಆ ವಾರ ಬರಲೇ ಇಲ್ಲ.

ಹಾಳೆಯನ್ನು ಹಿಂದೆ ಕಳಿಸುತ್ತಿದ್ದೇನೆ. ರಾನಲ್ಡನ ತಾರೀಖಿನ ಕೆಳಗೆ ಒಂದು ಸಾಲಿನಷ್ಟು ಜಾಗವಿದೆ. ಇದನ್ನೂ ಬರೆಯಿರಿ, ಎಡಗೈಯಲ್ಲೇ.

ಚಳಿ ಶುರುವಾಗಿದೆ. ಗಾಳಿ ತೊಗಟೆಯ ಸಂದಿಯಿಂದ, ಈಗ ಇಲ್ಲದ ಮೂರು ಮೂಲೆಗಳಿಂದ ಬರುತ್ತದೆ. ಸೌದೆ ಬೇಕಾದಷ್ಟಿದೆ. ಬೆಂಕಿ ನನ್ನ ಮೂಲೆಯಲ್ಲೇ ಇದೆ.

ಎಲ್ಸ್ಪೆತ್